ಓದುಗರ ಪ್ರಶ್ನೆ, ನಮ್ಮ ಉತ್ತರ: ಪೊಂಪಾದೂರ್ ಊರಿನ ಕುದುರೆಗಳು

ಕಳೆದ ಸಂಚಿಕೆಯಲ್ಲಿ ಫ್ರಾನ್ಸಿನ ಆರ್ನಾಕ್-ಪೊಂಪಾದೂರ್ ಊರಿನ ಕಿರುಪರಿಚಯ ಪ್ರಕಟವಾಗಿತ್ತು. ಕೊರೇಜ್ ಜಿಲ್ಲೆಯ ಹಸಿರು ದಿಣ್ಣೆಗಳ ನಡುವೆ ಸಾವಿರ ಚಿಲ್ಲರೆ ಜನರಿರುವ ಊರು ಅದು. ನಡುವೆ ಕೋಟೆ, ಕೋಟೆಯ ಎದುರಿಗೇ ರೇಸ್ ಮೈದಾನ. 1761ರಲ್ಲಿ ರಾಜನ ಆಜ್ಞೆಯಿಂದ ಅಲ್ಲಿ ಕುದುರೆ ತಳಿ ಸಾಕಣೆ ಕೇಂದ್ರ ಶುರುವಾಯಿತು. ಆಂಗ್ಲೋ-ಅರಬ್ ತಳಿಯ ತವರು ಎಂದು ಕುದುರೆ ಬಲ್ಲವರು ಗುರುತಿಸುವುದು ಈ ಊರನ್ನೇ. ಆ ಬರಹ ಓದಿ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಪೊಂಪಾದೂರ್ ಎಂದರೆ ಹದಿನೈದನೇ ಲೂಯಿಯ ಪ್ರೇಯಸಿ ಮದಾಮ್ ದ ಪೊಂಪಾದೂರ್ ಹೆಸರೇ ನೆನಪಾಗುತ್ತದೆ. ಕುದುರೆ ಸಾಕಣೆ ಶುರುಮಾಡಿದ್ದು ಅವಳೇ? (ಮೈಸೂರಿನ ಓದುಗರೊಬ್ಬರು)

ಊರಿನ ಹೆಸರು ಅವಳಿಗೆ ಹೋಯಿತೇ ಹೊರತು ಅವಳ ಹೆಸರು ಊರಿಗೆ ಬಂದದ್ದಲ್ಲ. ಅಲ್ಲಿ ಹನ್ನೊಂದನೇ ಶತಮಾನದಿಂದಲೂ ಕೋಟೆಯಿದೆ. ಈಗ ಕಾಣುವ ಗೋಪುರಗಳ ಮುಖ್ಯ ಭಾಗ ಹದಿನೈದನೇ ಶತಮಾನದ ಮರುನಿರ್ಮಾಣ. ಒಡೆತನದ ವಂಶ ಕೊನೆಗೊಂಡು ಆಸ್ತಿ ಕೈಬದಲಾಗುತ್ತಿದ್ದಾಗ, 1745ರಲ್ಲಿ ಲೂಯಿ ಅದನ್ನು ಕೊಂಡು ಜಾನ್ ಆಂತ್ವಾನೆತ್ ಪ್ವಾಸೊಂ ಎಂಬ ಹೆಣ್ಣುಮಗಳಿಗೆ ಬಿರುದಿನ ಸಮೇತ ಕೊಟ್ಟ. ಅರಮನೆಯ ಒಳಗೆ ಓಡಾಡಲು ಅವಳಿಗೆ ಒಂದು ಕುಲೀನ ಬಿರುದು ಬೇಕಿತ್ತು, ಅಷ್ಟೆ. ಅವಳು ಆ ಕೋಟೆಯಲ್ಲಿ ಬಾಳಲಿಲ್ಲ. ಆಸ್ತಿ ಅವಳ ಕೈಬಿಟ್ಟು ರಾಜನ ಒಡೆತನಕ್ಕೆ ಮರಳಿದ ಮೇಲೆ, 1761ರಲ್ಲಿ, ಸಾಕಣೆ ಕೇಂದ್ರ ಬಂತು.

ಹಾಗಾಗಿ ಊರಿನ ಕುದುರೆ ಪರಂಪರೆಯನ್ನು ಅವಳ ಕಥೆಗೆ ಗಂಟುಹಾಕುವುದು ತಪ್ಪು. ನಿಜವಾದ ಹಿನ್ನೆಲೆ ಎರಡು. ಮೊದಲನೆಯದು, ಸುತ್ತಲಿನ ಲಿಮೂಜಾಂ ಪ್ರಾಂತ್ಯದಲ್ಲಿ ಮಧ್ಯಯುಗದಿಂದಲೂ ಹೆಸರಾಗಿದ್ದ ಹಗುರ ಮೈಕಟ್ಟಿನ ಸವಾರಿ ಕುದುರೆ. ಎರಡನೆಯದು, ಸೈನ್ಯಕ್ಕೆ ಕುದುರೆ ಸಾಲದೆ ಹೊರದೇಶಗಳಿಂದ ಕೊಳ್ಳುತ್ತಿದ್ದ ಫ್ರಾನ್ಸಿನಲ್ಲಿ, ಮಂತ್ರಿ ಕೋಲ್ಬೇರ್ 1665ರಲ್ಲಿ ತಂದ ರಾಜಾಶ್ವ ಸಾಕಣೆಯ ಆಡಳಿತ. ಪೊಂಪಾದೂರ್ ಕೇಂದ್ರ ಆ ಆಡಳಿತದ ಒಂದು ಕೊಂಡಿ.

1790ರಲ್ಲಿ ಕ್ರಾಂತಿಯ ಸರ್ಕಾರ ಇಂಥ ಕೇಂದ್ರಗಳನ್ನೆಲ್ಲ ರಾಜರ ದುಂದುವೆಚ್ಚವೆಂದು ಮುಚ್ಚಿಸಿತು. 1792ರಲ್ಲಿ ಯುದ್ಧ ಬಂತು. ಕುದುರೆ ಇಲ್ಲದೆ ಯುದ್ಧ ನಡೆಯುವಂತಿರಲಿಲ್ಲ. 1795ರಲ್ಲಿ ಕೆಲವನ್ನು ಮತ್ತೆ ತೆರೆಯಬೇಕಾಯಿತು, 1806ರಲ್ಲಿ ನೆಪೋಲಿಯನ್ ಇಡೀ ವ್ಯವಸ್ಥೆಯನ್ನು ಮರುಸ್ಥಾಪಿಸಿದ. ಹೆಣ್ಣು ಕುದುರೆ ಗಬ್ಬವಾಗಿ ಮರಿ ಹಾಕಲು ಹನ್ನೊಂದು ತಿಂಗಳು, ಆ ಮರಿ ಸವಾರನನ್ನು ಹೊತ್ತು ದಂಡಿಗೆ ಹೋಗಲು ಮತ್ತೆ ನಾಲ್ಕೈದು ವರ್ಷ. ಇಂದು ಮುಚ್ಚಿ ನಾಳೆ ತೆರೆಯಬಹುದಾದ ಕಾರ್ಖಾನೆಯಲ್ಲ ಇದು.

ಪ್ರಶ್ನೆ: ಅರಬ್ ಕುದುರೆಗೂ ಥರೋಬ್ರೆಡ್ ಎಂಬ ಇಂಗ್ಲಿಷ್ ರೇಸ್ ಕುದುರೆಗೂ ಕೂಡಿಸಿದರೆ ಆಂಗ್ಲೋ-ಅರಬ್ ಆಯಿತು, ಅದರಲ್ಲಿ ವಿಶೇಷವೇನು? ಶೇಕಡಾ ಲೆಕ್ಕ ಎಂದು ಬರೆದಿದ್ದೀರಿ, ಅದು ಅರ್ಥವಾಗಲಿಲ್ಲ. (ಬೆಂಗಳೂರಿನ ಓದುಗರೊಬ್ಬರು)

ಒಂದು ಸಲ ಕೂಡಿಸುವುದು ಸುಲಭ. ಹತ್ತು ತಲೆಮಾರು ಹದ ತಪ್ಪದಂತೆ ಕೂಡಿಸುತ್ತ ಹೋಗುವುದೇ ಕಷ್ಟ, ತಳಿ ಎನ್ನುವುದು ಅದನ್ನೇ.

ಫ್ರಾನ್ಸಿನ ಆಂಗ್ಲೋ-ಅರಬ್ ವಂಶಾವಳಿಯ ಬುಡದಲ್ಲಿ ಎರಡು ಬೀಜದ ಕುದುರೆಗಳಿವೆ: ಮಸೂದ್ ಎಂಬ ಅರಬ್, ಅಸ್ಲಾನ್ ಎಂಬ ತುರ್ಕಿ. ಇಂಗ್ಲೆಂಡಿನಿಂದ ತಂದ ಮೂರು ಥರೋಬ್ರೆಡ್ ಹೆಣ್ಣು ಕುದುರೆಗಳಿಗೆ ಇವುಗಳಿಂದ ಹುಟ್ಟಿದ ದೆಲ್ಫೀನ್, ಕ್ಲೋವಿಸ್, ದನಾಯೆ ಎಂಬ ಮೂರು ಹೆಣ್ಣುಮರಿಗಳು ತಳಿಯ ತಾಯಂದಿರು. ಹತ್ತೊಂಬತ್ತನೇ ಶತಮಾನದ ನಡುವೆ ಯೂಜೆನ್ ಗಾಯೋ ಎಂಬ ಅಧಿಕಾರಿ ಪೊಂಪಾದೂರ್‌ನಲ್ಲಿ ಇವುಗಳ ಸಂತತಿಯನ್ನು ಕ್ರಮವಾಗಿ ಬೆಳೆಸಿದ. ಅರಬ್‌ನಿಂದ ದಣಿಯದ ಉಸಿರು, ಗಟ್ಟಿ ಗೊರಸು, ಕಡಿಮೆ ಮೇವಿನಲ್ಲಿ ಬದುಕುವ ಗುಣ. ಥರೋಬ್ರೆಡ್‌ನಿಂದ ಎತ್ತರ, ಉದ್ದ ಹೆಜ್ಜೆ, ವೇಗ. ಇವೆರಡೂ ಒಂದೇ ಮೈಯಲ್ಲಿ ನಿಲ್ಲಬೇಕೆಂಬುದು ಗುರಿ.

ಈಗ ಲೆಕ್ಕ. ಅರಬ್ ಕುದುರೆಗೆ 100, ಥರೋಬ್ರೆಡ್‌ಗೆ 0 ಎಂದು ಹಿಡಿಯಿರಿ. ಮರಿಯ ಅಂಕಿ ಎಂದರೆ ತಂದೆ-ತಾಯಿಯ ಅಂಕಿಗಳ ಸರಾಸರಿ. ಅರಬ್ ಗಂಡು, ಥರೋಬ್ರೆಡ್ ಹೆಣ್ಣು: ಮರಿ 50. ಆ ಮರಿ ಬೆಳೆದು ಮತ್ತೆ ಥರೋಬ್ರೆಡ್ ಜೊತೆ ಕೂಡಿದರೆ 25. ಈ 25 ಸಾಂಪ್ರದಾಯಿಕ ಗಡಿ. ಅಲ್ಲಿಗೆ ನಿಲ್ಲಿಸದೆ ವೇಗದ ಆಸೆಗೆ ಬಿದ್ದು ಇನ್ನೊಮ್ಮೆ ಥರೋಬ್ರೆಡ್ ಹಾಕಿದರೆ 12.5ಕ್ಕೆ ಇಳಿಯುತ್ತದೆ, ಗಡಿ ದಾಟಿತು. ಅದರ ಬದಲು 25ರ ಹೆಣ್ಣನ್ನು 50ರ ಗಂಡಿಗೆ ಕೊಟ್ಟರೆ 37.5, ಶುದ್ಧ ಅರಬ್‌ಗೆ ಕೊಟ್ಟರೆ 62.5. ಸಾಕುವವರು ತಕ್ಕಡಿ ಹಿಡಿದ ಹಾಗೆ ಒಂದು ತಲೆಮಾರು ಈ ಕಡೆ, ಒಂದು ತಲೆಮಾರು ಆ ಕಡೆ ಹಾಕುತ್ತಾರೆ. ಫ್ರಾನ್ಸಿನಲ್ಲಿ ಆಂಗ್ಲೋ-ಅರಬ್‌ಗಳಿಗೆಂದೇ ಪ್ರತ್ಯೇಕ ರೇಸುಗಳಿವೆ, ಅಲ್ಲೂ ಅರಬ್ ರಕ್ತದ ಪಾಲು ನೋಡಿ ವಿಭಾಗ ಮಾಡುತ್ತಾರೆ. ಇಲ್ಲವಾದರೆ 25ರದ್ದೇ ಪ್ರತಿಸಲ ಗೆದ್ದು, 50ರದ್ದನ್ನು ಯಾರೂ ಸಾಕುವುದಿಲ್ಲ. ಆಮೇಲೆ ತಕ್ಕಡಿಯ ಒಂದು ತಟ್ಟೆಗೆ ಹಾಕಲು ಏನೂ ಉಳಿಯುವುದಿಲ್ಲ.

ಎಲ್ಲಿ ಕೆಡುತ್ತದೆ ಎಂದರೆ, ಅಂಕಿ ಸರಿಯಿದ್ದೂ ಮೈ ಸರಿಬಾರದಾಗ. 50ರ ಮರಿಗಳೆಲ್ಲ ಒಂದೇ ಥರ ಇರುವುದಿಲ್ಲ. ಒಂದಕ್ಕೆ ಥರೋಬ್ರೆಡ್‌ನ ತೆಳು ಗೊರಸೂ ಅರಬ್‌ನ ಗಿಡ್ಡ ಮೈಯೂ ಬಂದಿರಬಹುದು. ಅಂಥದ್ದನ್ನು ಕಾಗದದ ಮೇಲಿನ ವಂಶ ನೋಡಿ ತಳಿಗೆ ಬಳಸಿದರೆ ದೋಷವೂ ವಂಶಕ್ಕಿಳಿಯುತ್ತದೆ. ಆದ್ದರಿಂದ ಬಲ್ಲವರು ಮೊದಲು ಮುಂಗಾಲಿಗೆ ಕೈಹಾಕುತ್ತಾರೆ. ಮಂಡಿಯ ಕೆಳಗಿನ ನಳಿಯ ಸುತ್ತಳತೆ, ಕಾಲು ನೆಲದ ಮೇಲೆ ಸಮವಾಗಿ ಊರಿರುವಾಗ, ಹಿಂದಿನ ಸ್ನಾಯುರಜ್ಜಿನ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಸಮೇತ ಟೇಪಿನಲ್ಲಿ ಅಳೆಯಬೇಕು. ಎತ್ತರ ಅಳೆಯುವುದು ಕತ್ತಿನ ಬುಡದ ದಿಬ್ಬದಲ್ಲಿ, ಈ ತಳಿಗೆ ಸಾಮಾನ್ಯವಾಗಿ 1.58ರಿಂದ 1.68 ಮೀಟರ್. ಎತ್ತರಕ್ಕೆ ತಕ್ಕ ನಳಿ ಇಲ್ಲದ ಕುದುರೆ ಚೆಂದ ಕಾಣುತ್ತದೆ, ಬೇಲಿ ಹಾರುವ ಕೆಲಸಕ್ಕೆ ಹಾಕಿದಾಗ ಕಾಲಿನ ಸ್ನಾಯುರಜ್ಜು ಊದಿಕೊಂಡು ನಿಲ್ಲುತ್ತದೆ.

ಪ್ರಶ್ನೆ: ನಮ್ಮ ಕುಣಿಗಲ್‌ಗೂ ಈ ಊರಿಗೂ ಹೋಲಿಕೆ ಇದೆಯಲ್ಲವೆ? (ಕುಣಿಗಲ್)

ಇದೆ. ಎರಡೂ ಹದಿನೆಂಟನೇ ಶತಮಾನದಲ್ಲಿ ಅಶ್ವಸೈನ್ಯಕ್ಕಾಗಿ ಬೆಳೆದ ಜಾಗಗಳು. ಕುಣಿಗಲ್ಲಿನದು ಟಿಪ್ಪುವಿನ ಕುದುರೆ ಸೈನ್ಯಕ್ಕೆ. ಮುಂದೆ ದಾರಿ ಬೇರೆಯಾಯಿತು. ಕುಣಿಗಲ್ ಫಾರ್ಮ್ ರೇಸಿನ ಥರೋಬ್ರೆಡ್‌ಗೆ ತಿರುಗಿತು. ಪೊಂಪಾದೂರ್ ತನ್ನದೇ ತಳಿಯನ್ನು ಹಿಡಿದುಕೊಂಡಿತು. ಸೈನ್ಯಕ್ಕೆ ಕುದುರೆ ಬೇಡವಾದ ಮೇಲೆ ಅದು ಸವಾರಿ ಕ್ರೀಡೆಯ ಕಡೆ ಹೊರಳಿತು. 2010ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಾಕಣೆ ಕೇಂದ್ರಗಳನ್ನೂ ಸೋಮ್ಯೂರಿನ ರಾಷ್ಟ್ರೀಯ ಸವಾರಿ ಶಾಲೆಯನ್ನೂ ಒಂದೇ ಸಂಸ್ಥೆಯಾಗಿ ಸೇರಿಸಿದರು, ಸರ್ಕಾರಿ ಬೀಜದ ಕುದುರೆಗಳ ಸೇವೆ ಆಮೇಲೆ ಕ್ರಮೇಣ ನಿಂತಿತು. ಇದು ನಷ್ಟವೆಂದೇ ನಮ್ಮ ಎಣಿಕೆ. ಒಂದೆರಡು ಹೆಣ್ಣು ಕುದುರೆ ಇಟ್ಟುಕೊಂಡ ಸಣ್ಣ ರೈತನಿಗೆ ಒಳ್ಳೆಯ ಗಂಡು ಕೈಗೆಟಕುವ ದರದಲ್ಲಿ ಸಿಗುತ್ತಿದ್ದದ್ದೇ ಆ ಸೇವೆಯಿಂದ.

ಪ್ರಶ್ನೆ: ಅಲ್ಲಿ ಮರಿಗಳೆಲ್ಲ ವಸಂತದಲ್ಲೇ ಹುಟ್ಟುತ್ತವೆ ಎಂದಿದ್ದೀರಿ. ಏಕೆ? ಮರಿ ಹಾಕುವ ಹೊತ್ತಿಗೆ ಸಾಕುವವರು ಏನೇನು ನೋಡಿಕೊಳ್ಳುತ್ತಾರೆ? (ಪಶುವೈದ್ಯ ವಿದ್ಯಾರ್ಥಿ, ಬೀದರ್)

ಬೆದೆಯನ್ನು ನಡೆಸುವುದು ಬೆಳಕು. ಪೊಂಪಾದೂರ್ ಇರುವುದು 45 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಚಳಿಗಾಲದ ಹಗಲು ಒಂಬತ್ತು ತಾಸೂ ಇಲ್ಲ, ಬೇಸಿಗೆಯ ಹಗಲು ಹದಿನೈದೂವರೆ ತಾಸು. ಹಗಲು ಗಿಡ್ಡವಾದಾಗ ಹೆಣ್ಣು ಕುದುರೆಯ ಅಂಡಾಶಯ ಮಲಗುತ್ತದೆ, ಹಗಲು ಉದ್ದವಾಗುತ್ತ ಬಂದಂತೆ ಎಚ್ಚರಗೊಂಡು 21 ದಿನಕ್ಕೊಮ್ಮೆ ಬೆದೆ ಬರುತ್ತದೆ. ವಸಂತದಲ್ಲಿ ಗಬ್ಬ ನಿಂತರೆ ಹನ್ನೊಂದು ತಿಂಗಳಿಗೆ, ಅಂದರೆ ಮತ್ತೆ ವಸಂತಕ್ಕೆ, ಹೊಸ ಹುಲ್ಲಿನ ಕಾಲಕ್ಕೆ ಮರಿ. ನಮ್ಮಲ್ಲಿ ವರ್ಷವಿಡೀ ಹಗಲು ಹನ್ನೆರಡು ತಾಸಿನ ಆಚೀಚೆಯೇ ಇರುವುದರಿಂದ ಈ ಏರಿಳಿತ ಅಷ್ಟು ಎದ್ದು ಕಾಣುವುದಿಲ್ಲ.

ರೇಸಿಗೆ ಬಿಡುವ ಮರಿಗಳ ವಯಸ್ಸನ್ನು ಜನವರಿ 1ರಿಂದ ಎಣಿಸುವುದರಿಂದ ಬೇಗ ಹುಟ್ಟಿದ್ದಕ್ಕೆ ಅನುಕೂಲ. ಅದಕ್ಕಾಗಿ ಡಿಸೆಂಬರ್‌ನಿಂದಲೇ ಲಾಯದಲ್ಲಿ ದೀಪ ಹಾಕುತ್ತಾರೆ: ಹಗಲೂ ದೀಪವೂ ಸೇರಿ ದಿನಕ್ಕೆ ಹದಿನಾಲ್ಕೂವರೆ ತಾಸು ಬೆಳಕು, ಉಳಿದ ಒಂಬತ್ತೂವರೆ ತಾಸು ನಿಜವಾದ ಕತ್ತಲೆ, ಕಡಿಮೆಯೆಂದರೆ 35 ದಿನ. ಎಡವುವುದು ಕತ್ತಲೆಯ ಭಾಗದಲ್ಲಿ. ರಾತ್ರಿಯಿಡೀ ದೀಪ ಉರಿಸಿದರೆ ಇನ್ನೂ ಬೇಗ ಬೆದೆ ಬರುತ್ತದೆಂದು ಕೆಲವರು ತಿಳಿಯುತ್ತಾರೆ. ಕತ್ತಲೆ-ಬೆಳಕಿನ ವ್ಯತ್ಯಾಸವೇ ಮಿದುಳಿಗೆ ಸಿಗದೆ ಪಟ್ಟ ಶ್ರಮವೆಲ್ಲ ದಂಡವಾಗುತ್ತದೆ.

ಗಬ್ಬದ ಅವಧಿ ಸರಾಸರಿ 340 ದಿನ, 320ರಿಂದ 360ರವರೆಗೂ ಸಹಜ. ಹಾಗಾಗಿ ಕ್ಯಾಲೆಂಡರ್‌ಗಿಂತ ಕೆಚ್ಚಲನ್ನು ನಂಬಬೇಕು. ಎರಡು-ಮೂರು ವಾರ ಮೊದಲೇ ಕೆಚ್ಚಲು ತುಂಬತೊಡಗುತ್ತದೆ. ಬಾಲದ ಬುಡದ ಎರಡೂ ಬದಿಯ ಸ್ನಾಯು ಮೆತ್ತಗಾಗುತ್ತದೆ. ಕೊನೆಯ ಒಂದೆರಡು ದಿನದಲ್ಲಿ ಮೊಲೆತೊಟ್ಟಿನ ತುದಿಯಲ್ಲಿ ಜೇನುಮೇಣದಂಥ ಹಳದಿ ಹನಿ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಅದನ್ನು ಒರೆಸಬಾರದು, ಹಿಂಡಬಾರದು. ಹೆಚ್ಚಿನವು ರಾತ್ರಿಯ ನಿಶ್ಶಬ್ದದಲ್ಲೇ ಮರಿ ಹಾಕುತ್ತವೆ.

ನೀರು ಒಡೆದ ಗಳಿಗೆಯಿಂದ ಗಡಿಯಾರ ಹಿಡಿಯಬೇಕು. ಇಪ್ಪತ್ತರಿಂದ ಮೂವತ್ತು ನಿಮಿಷದೊಳಗೆ ಮರಿ ಹೊರಗಿರಬೇಕು. ಮೊದಲು ಕಾಣಬೇಕಾದದ್ದು ಬಿಳಿಚು, ಮಿರುಗುವ ಪೊರೆ, ಅದರೊಳಗೆ ಒಂದಕ್ಕಿಂತ ಒಂದು ಸ್ವಲ್ಪ ಹಿಂದಿರುವ ಎರಡು ಮುಂಗಾಲು, ಅವುಗಳ ಮೇಲೆ ಒರಗಿದ ಮೂತಿ. ಬಿಳಿಯ ಬದಲು ಮಖಮಲ್ಲಿನಂಥ ಕೆಂಪು ಚೀಲ ಕಂಡರೆ ಮಾಸು ಬೇಗನೆ ಕಳಚಿಕೊಂಡಿದೆ, ಮರಿಗೆ ಉಸಿರು ಸಿಗುತ್ತಿಲ್ಲ ಎಂದರ್ಥ. ಆಗ ವೈದ್ಯರಿಗೆ ಕಾಯುವಷ್ಟು ಹೊತ್ತಿಲ್ಲ. ಚೀಲವನ್ನು ಕೂಡಲೇ ಸೀಳಿ, ಕುದುರೆ ಮುಕ್ಕಿದಾಗ ಅದರ ಜೊತೆಗೇ ಮರಿಯನ್ನು ಎಳೆಯಬೇಕು. ಫೋನು ಇನ್ನೊಬ್ಬರು ಮಾಡಲಿ.

ಮರಿ ಬಿದ್ದ ಮೇಲೆ ಒಂದು-ಎರಡು-ಮೂರು ಎಂಬ ಸೂತ್ರವನ್ನು ಎಲ್ಲ ಸಾಕಣೆಗಾರರೂ ಬಳಸುತ್ತಾರೆ. ಒಂದು ತಾಸಿನೊಳಗೆ ಎದ್ದು ನಿಲ್ಲಬೇಕು, ಎರಡು ತಾಸಿನೊಳಗೆ ಮೊಲೆ ಕಚ್ಚಬೇಕು, ಮೂರು ತಾಸಿನೊಳಗೆ ತಾಯಿಯ ಮಾಸು ಬೀಳಬೇಕು. ಹೊಕ್ಕುಳ ಬಳ್ಳಿಯನ್ನು ಕತ್ತರಿಸಬೇಡಿ, ತಾಯಿ ಏಳುವಾಗ ತಾನೇ ಹರಿಯುತ್ತದೆ. ಆಮೇಲೆ ಕ್ಲೋರ್‌ಹೆಕ್ಸಿಡಿನ್ ದ್ರಾವಣದಲ್ಲಿ ಅದ್ದಿ. ಮಾಸು ಇಳಿಬಿದ್ದಿದ್ದರೆ ತುಳಿಯದಂತೆ ಮೇಲಕ್ಕೆ ಗಂಟು ಕಟ್ಟಿ ಬಿಡಿ, ಎಳೆಯಬೇಡಿ. ಎಳೆದಾಗ ಹರಿದು ಒಳಗುಳಿದ ಅಂಗೈಯಗಲದ ಚೂರು ಸಾಕು, ಗರ್ಭಕೋಶ ಕೊಳೆತು ವಿಷ ಮೈಗೇರಿ ಕಾಲಿನ ಗೊರಸೇ ಕೆಡುತ್ತದೆ. ಬಿದ್ದ ಮಾಸನ್ನು ನೆಲದ ಮೇಲೆ ಹರಡಿ, ಗರ್ಭಕೋಶದ ಎರಡು ಕವಲುಗಳಲ್ಲಿದ್ದ ಅದರ ಎರಡೂ ಕೋಡಿನ ತುದಿ ಪೂರ್ತಿ ಇದೆಯೇ ಎಂದು ನೋಡಿಯೇ ಹೂಳಬೇಕು.

ಗಿಣ್ಣು ಹಾಲಿನ ಮಾತು ಇನ್ನೂ ಮುಖ್ಯ. ಕುದುರೆಯ ಮಾಸಿನ ಮೂಲಕ ರೋಗನಿರೋಧಕಗಳು ಮರಿಗೆ ದಾಟುವುದಿಲ್ಲ, ಮರಿ ಬರಿಗೈಲಿ ಹುಟ್ಟುತ್ತದೆ. ಕರುಳು ಅವನ್ನು ಗಿಣ್ಣಿನಿಂದ ಹೀರುವುದು ಮೊದಲ ಕೆಲವೇ ತಾಸು, ಇಪ್ಪತ್ತನಾಲ್ಕು ತಾಸಿಗೆ ಬಾಗಿಲು ಮುಚ್ಚಿತು. ಮೊದಲ ಹನ್ನೆರಡು ತಾಸಿನಲ್ಲಿ ಒಂದರಿಂದ ಎರಡು ಲೀಟರು ಹೊಟ್ಟೆಗೆ ಹೋಗಬೇಕು. ಗಿಣ್ಣಿನ ಗುಣ ತಿಳಿಯಲು ಬ್ರಿಕ್ಸ್ ಮಾಪಕದ ಗಾಜಿನ ಮೇಲೆ ಒಂದು ಹನಿ ಹಾಕಿ ಬೆಳಕಿಗೆ ಹಿಡಿಯುತ್ತಾರೆ: 20ಕ್ಕಿಂತ ಕೆಳಗೆ ತೋರಿದರೆ ಸಾಲದು, ಶೀತಲಪೆಟ್ಟಿಗೆಯಲ್ಲಿಟ್ಟ ಬೇರೆ ತಾಯಿಯ ಗಿಣ್ಣನ್ನು ಕರಗಿಸಿ ಕೊಡಬೇಕು. ಕರಗಿಸುವುದು ಉಗುರುಬೆಚ್ಚಗಿನ ನೀರಿನಲ್ಲಿ. ಮೈಕ್ರೋವೇವ್‌ನಲ್ಲಿಟ್ಟರೆ ನಿರೋಧಕ ಪ್ರೋಟೀನು ಹಾಳಾಗಿ ಬರೀ ಹಾಲು ಉಳಿಯುತ್ತದೆ. ಮಾರನೆಯ ದಿನ ಮರಿಯ ರಕ್ತ ಪರೀಕ್ಷಿಸಿದಾಗ ಲೀಟರಿಗೆ 8 ಗ್ರಾಂ ಐಜಿಜಿ (ಗಿಣ್ಣಿನಿಂದ ಬಂದ ಮುಖ್ಯ ನಿರೋಧಕ ಪ್ರೋಟೀನು) ಇದ್ದರೆ ನೆಮ್ಮದಿ.

ಪ್ರಶ್ನೆ: ಕುದುರೆಗೆ ಹುರುಳಿ ಕೊಡುವುದು ನಮ್ಮ ಪದ್ಧತಿ. ಅಲ್ಲಿ ಏನು ಕೊಡುತ್ತಾರೆ? (ತುಮಕೂರು)

ಹುಲ್ಲೇ ಮೊದಲು. 500 ಕಿಲೋ ತೂಗುವ ಕುದುರೆಗೆ ಒಣಲೆಕ್ಕದಲ್ಲಿ ದಿನಕ್ಕೆ ಸುಮಾರು 10 ಕಿಲೋ ಮೇವು, ಹಾಲೂಡಿಸುವಾಗ 13ರಿಂದ 15 ಕಿಲೋ. ಕಾಳೆಂದರೆ ಅಲ್ಲಿ ಓಟ್ಸ್ ಮತ್ತು ಬಾರ್ಲಿ. ಓಟ್ಸನ್ನು ಇಡಿಯಾಗಿಯೇ ಕೊಡಬಹುದು. ಬಾರ್ಲಿಯನ್ನು ಜಜ್ಜಿ ಇಲ್ಲವೆ ಬೇಯಿಸಿ ಕೊಡಬೇಕು, ಅದರ ಪಿಷ್ಟ ಸಣ್ಣ ಕರುಳಿನಲ್ಲಿ ಸುಲಭವಾಗಿ ಅರಗುವುದಿಲ್ಲ. ಒಂದು ಹೊತ್ತಿಗೆ ಮೈತೂಕದ ಕಿಲೋಗೆ 1 ಗ್ರಾಂ ಪಿಷ್ಟ ಮೀರಬಾರದು. 500 ಕಿಲೋ ಕುದುರೆಗೆ 500 ಗ್ರಾಂ ಪಿಷ್ಟ. ಓಟ್ಸಿನಲ್ಲಿ ಪಿಷ್ಟ ಶೇ. 40ರಷ್ಟು, ಅಂದರೆ ಹೊತ್ತಿಗೆ ಒಂದೂಕಾಲು ಕಿಲೋ ಓಟ್ಸ್. ಹೆಚ್ಚಾದದ್ದು ಅರಗದೆ ದೊಡ್ಡ ಕರುಳಿಗಿಳಿದು ಹುಳಿಯುತ್ತದೆ, ಹೊಟ್ಟೆಶೂಲೆ, ಗೊರಸಿನ ಉರಿ ಎರಡಕ್ಕೂ ಅದೇ ಮೂಲ. ಹೆಚ್ಚು ಕಾಳು ಬೇಕಾದರೆ ಹೊತ್ತುಗಳನ್ನು ಹೆಚ್ಚಿಸಿ, ಬೊಗಸೆಯನ್ನಲ್ಲ. ಹುರುಳಿಯ ಬಲ ಪ್ರೋಟೀನಿನಲ್ಲಿ. ನೆನೆಸಿ ಬೇಯಿಸಿ ಕೊಡುವ ನಮ್ಮ ಹಿರಿಯರ ಕ್ರಮ ಸರಿಯಾದದ್ದೇ, ಹಸಿ ಕಾಳಿನಲ್ಲಿ ಪ್ರೋಟೀನು ಅರಗಲು ಅಡ್ಡಿಮಾಡುವ ಅಂಶವಿದೆ.

ಪ್ರಶ್ನೆ: ನಮ್ಮಲ್ಲಿ ಕುದುರೆ ಕೊಳ್ಳುವಾಗ ಸುಳಿ ನೋಡುತ್ತಾರೆ. ಅಲ್ಲೂ ಸುಳಿ ಬರೆದಿಡುತ್ತಾರೆ ಎಂದು ಓದಿ ಆಶ್ಚರ್ಯವಾಯಿತು. (ಹಾವೇರಿ)

ನಾವು ಸುಳಿ ನೋಡುವುದು ಶುಭಾಶುಭಕ್ಕೆ. ಕೊರಳಿನ ದೇವಮಣಿ ಸುಳಿಗೆ ಬೆಲೆಯೇ ಬೇರೆ. ಅಲ್ಲಿ ಸುಳಿ ಎಂದರೆ ಬೆರಳಚ್ಚು. ಬೂದು ಕುದುರೆ ಹುಟ್ಟುವಾಗ ಕಂದೋ ಕಪ್ಪೋ ಇದ್ದು ವರ್ಷ ಕಳೆದಂತೆ ಬೆಳ್ಳಗಾಗುತ್ತದೆ, ಹಣೆಯ ಬೊಟ್ಟು ಆ ಬಿಳುಪಿನಲ್ಲಿ ಕಾಣದಂತಾಗುತ್ತದೆ. ಸುಳಿ ಮಾತ್ರ ಹುಟ್ಟಿನಿಂದ ಸಾಯುವತನಕ ಇದ್ದಲ್ಲೇ ಇರುತ್ತದೆ. ಮರಿ ಇನ್ನೂ ತಾಯಿಯ ಬಳಿ ಹಾಲು ಕುಡಿಯುತ್ತಿರುವಾಗಲೇ ಗುರುತು ದಾಖಲೆ ಆಗಬೇಕು, ಹಾಲು ಬಿಡಿಸಿದ ಮೇಲೆ ಯಾವ ತಾಯಿಗೆ ಯಾವ ಮರಿ ಎಂದು ಕಣ್ಣಿನಿಂದ ಹೇಳುವುದು ಸಾಧ್ಯವಿಲ್ಲ. ಅಚ್ಚಾದ ಕುದುರೆಯ ರೇಖಾಚಿತ್ರದ ಮೇಲೆ ಬಿಳಿ ಗುರುತುಗಳನ್ನು ಕೆಂಪು ಶಾಯಿಯಲ್ಲಿ, ಸುಳಿಗಳನ್ನು ಕಪ್ಪು ಶಾಯಿಯ ಗುಣಾಕಾರ ಚಿಹ್ನೆಯಲ್ಲಿ ಬರೆಯುತ್ತಾರೆ. ಹಣೆಯ ಸುಳಿ ಎರಡು ಕಣ್ಣುಗಳನ್ನು ಸೇರಿಸುವ ಗೆರೆಗಿಂತ ಮೇಲೋ ಕೆಳಗೋ, ನಟ್ಟನಡುವೆಯೋ ಒಂದು ಬದಿಗೋ ಎಂಬುದನ್ನೂ ಅಕ್ಷರದಲ್ಲಿ ಸೇರಿಸುತ್ತಾರೆ. ಕತ್ತಿನ ಎಡಭಾಗದಲ್ಲಿ 15 ಅಂಕಿಯ ಗುರುತು ಸಂಖ್ಯೆಯಿರುವ ಎಲೆಕ್ಟ್ರಾನಿಕ್ ಮೈಕ್ರೋಚಿಪ್ ಕೂಡ ಸೇರಿಸುತ್ತಾರೆ. 2008ರಿಂದ ಫ್ರಾನ್ಸಿನ ಪ್ರತಿ ಕುದುರೆಗೂ ಕತ್ತೆಗೂ ಅದು ಕಡ್ಡಾಯ.

ಹುಟ್ಟಿದ 15 ದಿನದೊಳಗೆ ಮರಿಯ ಘೋಷಣೆ ಆಗಬೇಕು. ಇಡೀ ದೇಶದ ಈ ದಾಖಲೆಗಳೆಲ್ಲ ಸೇರುವುದು ಸೀರ್ ಎಂಬ ಕೇಂದ್ರ ನೋಂದಣಿಗೆ, ಅದರ ಕಚೇರಿ ಇರುವುದು ಪೊಂಪಾದೂರ್‌ನಲ್ಲೇ. ಕೋಟೆಯ ಗೋಪುರಕ್ಕಿಂತ ಈ ನೋಂದಣಿಯೇ ಆ ಊರಿನ ದೊಡ್ಡ ಆಸ್ತಿ ಎನ್ನುತ್ತೇವೆ. ತಂದೆ-ತಾಯಿಯ ಹೆಸರು ಖಚಿತವಿಲ್ಲದಿದ್ದರೆ ಮೇಲೆ ಹೇಳಿದ 25, 37.5ರ ಲೆಕ್ಕವೆಲ್ಲ ಗಾಳಿಮಾತು.

ಪ್ರಶ್ನೆ: ಫ್ರೆಂಚ್ ಕುದುರೆಯ ಹೆಸರು ಕೇಳಿದರೆ ವಯಸ್ಸು ಹೇಳಬಹುದಂತೆ, ನಿಜವೆ? (ಧಾರವಾಡ)

ನಿಜ, ಥರೋಬ್ರೆಡ್‌ನಂಥ ಕೆಲವು ತಳಿಗಳನ್ನು ಬಿಟ್ಟು. ಆಯಾ ವರ್ಷ ಹುಟ್ಟಿದ ಮರಿಗಳ ಹೆಸರು ಒಂದೇ ರೋಮನ್ ಅಕ್ಷರದಿಂದ ಶುರುವಾಗಬೇಕು. ಕೊನೆಯ ನಾಲ್ಕು ಅಕ್ಷರಗಳನ್ನು ಬಿಟ್ಟು 22 ವರ್ಷಕ್ಕೊಂದು ಸುತ್ತು. 2010 ‘ಎ’, 2020 ‘ಕೆ’, 2024 ‘ಓ’. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಬೇಲಿ ಹಾರುವ ಸ್ಪರ್ಧೆಯ ಚಿನ್ನ ಗೆದ್ದ ಜಪ್‌ಲೂ ‘ಜೆ’ ವರ್ಷದ್ದು, 1975. ಒಂದೇ ಅಕ್ಷರ 22 ವರ್ಷಕ್ಕೆ ಮರಳುವುದರಿಂದ ಹಲ್ಲು ನೋಡಿ ಯಾವ ಸುತ್ತಿನದ್ದೆಂದು ತೀರ್ಮಾನಿಸಬೇಕು: ಎರಡು ವರ್ಷದ್ದೋ ಇಪ್ಪತ್ತನಾಲ್ಕರದ್ದೋ ಎಂಬ ಅನುಮಾನ ಹಲ್ಲಿನ ಮುಂದೆ ನಿಲ್ಲುವುದಿಲ್ಲ.

ಪ್ರಶ್ನೆ: ತುಲೂಸ್‌ನಲ್ಲಿ ಕೆಲಸದಲ್ಲಿದ್ದೇನೆ. ಒಂದು ದಿನದಲ್ಲಿ ಪೊಂಪಾದೂರ್ ನೋಡಿ ಬರಬಹುದೆ? (ತುಲೂಸ್)

ಬೆಳಗ್ಗೆ ಬೇಗ ಹೊರಟರೆ ಆಗುತ್ತದೆ. ಹತ್ತಿರದ ದೊಡ್ಡ ಊರು ಬ್ರೀವ್, ಅಲ್ಲಿಂದ ಸುಮಾರು 45 ಕಿ.ಮೀ., ಕಾರು ಅನುಕೂಲ. ಕೋಟೆಯ ಹೆಬ್ಬಾಗಿಲು ನೋಡಿ ಮಹಡಿಯಂಗಳದಿಂದ ರೇಸ್ ಮೈದಾನದ ಕಡೆ ಕಣ್ಣುಹಾಯಿಸಿ. ಆಮೇಲೆ ಬೀಜದ ಕುದುರೆಗಳ ಹಳೆಯ ಲಾಯಗಳಾದ ಪುಯ್-ಮಾರ್ಮೋಂ. ಆರ್ನಾಕ್ ಭಾಗದ ಹನ್ನೆರಡನೇ ಶತಮಾನದ ಸಂತ ಪಾರ್ದೂ ಚರ್ಚನ್ನು ಪ್ರವಾಸಿಗರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ, ನೀವು ಬಿಡಬೇಡಿ. ವಸಂತದಲ್ಲಿ ಹೋದರೆ ಮಾತ್ರ ಕೆಲವು ಕಿಲೋಮೀಟರ್ ಆಚೆ ಬೇಸಾಕ್ ಊರಿನ ಲಾ ರಿವ್ಯೇರ್ ಎಂಬ ಹೆಣ್ಣು ಕುದುರೆಗಳ ಕೇಂದ್ರಕ್ಕೇ ಹೆಚ್ಚು ಹೊತ್ತು ಇಟ್ಟುಕೊಳ್ಳಿ. ಭೇಟಿಯ ದಿನ-ಸಮಯ ಋತುವಿಗೆ ತಕ್ಕಂತೆ ಬದಲಾಗುತ್ತದೆ, ಊರಿನ ಪ್ರವಾಸಿ ಕಚೇರಿಗೆ ಮೊದಲೇ ಫೋನ್ ಮಾಡಿ. ಮರಿ ಇರುವ ತಾಯಿಯ ಹತ್ತಿರ ಬೇಲಿಯಾಚೆಯೇ ನಿಲ್ಲಿ, ಕೈಯಲ್ಲಿ ತಿಂಡಿ ಹಿಡಿಯಬೇಡಿ. ತಾಯಿ ಕಿವಿ ಹಿಂದಕ್ಕೆ ಮಡಿಸಿದರೆ ಎರಡು ಹೆಜ್ಜೆ ಹಿಂದೆ ಸರಿಯಿರಿ.